ಸಾಲು ಬಿಡಬಾರದು

ಮೂರು ದಿನದಿಂದ ಹಿಮ ಬಿಟ್ಟೂಬಿಡದೆ ಸುರಿಯುತ್ತಿತ್ತು. ಟಿರೋಲ್ ಬೆಟ್ಟದ ಬುಡದ ಆ ವಸತಿಗೃಹದಲ್ಲಿ ಸ್ಕೀ ಕಲಿಸುವ ಹುಡುಗ ಹುಡುಗಿಯರು ಕೆಲಸವಿಲ್ಲದೆ ಮಧ್ಯಾಹ್ನವೇ ಒಲೆಯ ಸುತ್ತ ಸೇರಿದ್ದರು. ವ್ರೋನಿ ಈ ವರ್ಷವಷ್ಟೇ ಹಿಮಕುಸಿತದ ರಕ್ಷಣಾ ದಳಕ್ಕೆ ಸೇರಿದವಳು. ದಳದ ಹಳೇ ಹುಲಿ ಇಗ್ನಾಸ್ ಅಜ್ಜನನ್ನು ಅವಳೇ ಕೆಣಕಿದಳು.

"ಏನಜ್ಜ, ಹಿಮದಡಿ ಸಿಕ್ಕಿದವರನ್ನ ಹುಡುಕೋವಾಗ ನೀನು ಸಾಲಲ್ಲಿ ನಿಲ್ಲೋದೇ ಇಲ್ವಂತೆ? ಸಾಲು ಬಿಡಬಾರದು ಅನ್ನೋದೇ ನಮಗೆ ಕಲಿಸೋ ಮೊದಲ ಪಾಠ!"

ಅಜ್ಜ ಒಂದು ಗುಟುಕು ಸಾರಾಯಿ ಕುಡಿದು ನಕ್ಕ.

"ಕೇಳು ಹಾಗಾದ್ರೆ... ಆಗ ನಂಗೆ ಇಪ್ಪತ್ಮೂರು. ಈಗಿನ ಲಿಫ್ಟು ಗಿಫ್ಟು ಏನೂ ಇರ್ಲಿಲ್ಲ, ಸ್ಕೀ ಹೆಗಲಿಗೆ ಏರಿಸ್ಕೊಂಡು ಹತ್ತೋದು, ಮೇಲಿನ ಹೋಟೆಲಿನ ಅಡುಗೆಮನೆ ಕಿಟಕಿ ಕಂಡ್ರೆ ದಣಿವೆಲ್ಲ ಮಾಯ. ಅಲ್ಲಿ ಬುರ್ಗಿ ಇದ್ಳು. ಎಂಥಾ ಕೈರುಚಿ, ಎಂಥಾ ಬಾಯಿ! 'ಬಂದ ನೋಡು ಮಹಾರಾಯ, ಉಂಡೆಯೆಲ್ಲ ತಣ್ಣಗಾದ್ಮೇಲೆ' ಅಂತ ಶುರು ಮಾಡ್ತಿದ್ಳು. ಈಸ್ಟರ್ ಕಳೆದ ಮೇಲೆ ನಮ್ಮ ಮದ್ವೆ ಅಂತ ಮಾತಾಗಿತ್ತು... ಫೆಬ್ರವರಿಯ ಒಂದು ಬೆಳಗ್ಗೆ ಇಡೀ ಗುಡ್ಡದ ಹಿಮ ಜಾರಿ ಬಂತು. ಹೋಟೆಲಿನ ಹೊಗೆಗೂಡು ಕೂಡ ಕಾಣ್ಲಿಲ್ಲ.

ಊರಿನ ಗಂಡಸರೆಲ್ಲ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತ್ವಿ. ಕೆಳಗೆ ಯಾರಾದ್ರೂ ತಾಗ್ತಾರಾ ಅಂತ ಹಿಮಕ್ಕೆ ಉದ್ದನೆ ಸರಳು ಚುಚ್ಚೋದು, ಎಳೆಯೋದು, ಒಂದು ಹೆಜ್ಜೆ ಮುಂದಿಡೋದು. ನಾಯಕ ಕೊರ್ಬಿನಿಯಾನ್ ಆಗಾಗ 'ಸುಮ್ನಿರಿ' ಅಂತಿದ್ದ. ಎಲ್ಲರೂ ಹಿಮಕ್ಕೆ ಕಿವಿ ಹಚ್ಚಿ ಮಲಗೋದು. ಮೂರನೇ ಸಲ ಕೇಳಿಸ್ತು... ನನ್ನ ಬಲಕ್ಕೆ, ಸಾಲಿನ ತುದಿಯಿಂದ ಇಪ್ಪತ್ತು ಹೆಜ್ಜೆ ಆಚೆ, ಅವಳು ನನ್ನ ಹೆಸರು ಹಿಡಿದು ಕೂಗಿದ್ಳು. ಎದ್ದು ಓಡಿದೆ. ಕೊರ್ಬಿನಿಯಾನ್ ರಟ್ಟೆ ಹಿಡಿದ. 'ಯಾರಿಗೂ ಕೇಳದ್ದು ನಿಂಗೊಬ್ಬನಿಗೆ ಕೇಳ್ತಾ? ಹುಡುಕೋಕೆ ತಂದ ನಾಯೀನೂ ಅಲ್ಲಿ ಮೂಸ್ಲಿಲ್ಲ. ನೀನು ಸಾಲು ಬಿಟ್ರೆ ನಿನ್ನ ಕಾಲಡಿ ಹೂತವನು ಸಾಯ್ತಾನೆ' ಅಂದ. ನ್ಯಾಯವಾದ ಮಾತೇ ಅಲ್ವಾ? ವಾಪಸ್ ಬಂದು ನಿಂತೆ...

ಮಾರನೇ ದಿನ ಸಾಲು ಅಲ್ಲಿಗೆ ಬಂತು. ಅಲ್ಲೇ ಇದ್ಳು. ಮುಖದ ಸುತ್ತ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಜಿನ ಹಾಗಾಗಿತ್ತು. ಬಹಳ ಹೊತ್ತು ಉಸಿರಾಡಿದವರಿಗೆ ಮಾತ್ರ ಹಾಗಾಗೋದು ಕಣ್ರೋ..."

ಸುಮ್ಮನೆ ಕೆಣಕಿದೆನಲ್ಲ ಎಂದು ವ್ರೋನಿಗೆ ನಾಚಿಕೆಯಾಯಿತು.

"ಅವತ್ತಿಂದ ನಾನು ಸಾಲಿಗೆ ನಿಂತಿಲ್ಲ. ಎಲ್ಲೇ ಹಿಮ ಜಾರಲಿ, ಅವಳ ದನಿ ಕೇಳುತ್ತೆ. ಅವಳು ಕರೆದ ಕಡೆ ಅಗೀತೀನಿ. ಒಂಬತ್ತು ಜನ ಜೀವಂತ ಸಿಕ್ಕಿದ್ದಾರೆ. ಒಂದು ಸಲಾನೂ ಜಾಗ ತಪ್ಪಿಲ್ಲ, ನನ್ನ ಬುರ್ಗಿ..."

ಅಜ್ಜ ತಟ್ಟನೆ ನಿಲ್ಲಿಸಿದ. ತಲೆ ಓರೆ ಮಾಡಿ ನೆಲದ ಕಡೆ ಕಿವಿಗೊಟ್ಟ. ಅವನ ಮುಖ ಬಿಳಿಚಿಕೊಂಡಿತು.

"ಏನಾಯ್ತಜ್ಜ?"

"ಏಳ್ರೋ! ಎಲ್ಲರೂ ಆಚೆ ನಡೀರಿ, ಬೇಗ... ಈ ಒಲೆ ಕೆಳಗಿಂದ ಕರೀತಿದ್ದಾಳೆ. ಇಷ್ಟು ವರ್ಷದಲ್ಲಿ ಹಿಮ ಜಾರೋಕೆ ಮುಂಚೆ ಅವಳು ಕರೆದದ್ದು ಇದೇ ಮೊದಲು."