ಝೆಫಿರೀನಳ ಸಮಾಧಿಗೆ ಸುಣ್ಣ

ಹಿರಿಯರ ಸಮಾಧಿಗಳಿಗೆ ಸುಣ್ಣ ಬಳಿಯುವ ಸಕಲ ಸಂತರ ಹಬ್ಬದ ಹಿಂದಿನ ದಿನ ನ್ಯೂ ಆರ್ಲಿಯನ್ಸ್‌ನ ಸಿಟಿ ಬಸ್ಸೊಂದರಲ್ಲಿ ಗಂಭೀರವಾದ ಪ್ರಶ್ನೆಯೊಂದು ಎದ್ದಿತು: ಸುಣ್ಣದ ಬಕೆಟ್ಟು ಸೀಟಿನ ಮೇಲೆ ಕೂರಬಹುದೇ? ಡ್ರೈವರ್ ಕೂಡದೆಂದ. ಮುದುಕಿ ಯೂಲಾಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತೀರ್ಪನ್ನು ಮನ್ನಿಸಿದಳು. ಹಿಂದಿನ ಸೀಟಿನಲ್ಲಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಅಲ್ಸೀಡ್ ಪೇಪರ್ ಓದುವವನಂತೆ ಕಿವಿಗೊಟ್ಟ.

“ಅತ್ತೆ, ಹೋದ ವರ್ಷ ಬಳಿದಿದ್ದು ಒಂದು ವಾರಾನೂ ನಿಲ್ಲಲಿಲ್ಲ,” ಎಂದಳು ಪಕ್ಕದಲ್ಲಿದ್ದ ಅಣ್ಣನ ಮಗಳು ವರ್ನೆಲ್. “ಸಮಾಧಿ ಮೇಲೆ ಎಕ್ಸ್ ಥರ ಮೂರು ಕ್ರಾಸ್ ಗೀಚಿದ್ರೆ ಮಾಟಮಂತ್ರದ ವೂಡೂ ರಾಣಿ ಝೆಫಿರೀನ್ ವರ ಕೊಡ್ತಾಳಂತೆ.”

“ವರ! ಝೆಫಿರೀನ್ ನಮ್ಮ ಮುತ್ತಜ್ಜಿ, ಜ್ವರ ಬಂದೋರ ಮನೇಲಿ ಕೂತು ಕಷಾಯ ಕುಡಿಸಿದೋಳು. ಅದನ್ನ ಯಾವ ಗೈಡು ಹೇಳ್ತಾನೆ?”

“ಹಾವು ಸಾಕಿದ್ದ ಕಥೆ ಹೇಳಿದ್ರೆ ತಾನೇ ಟೂರಿಸ್ಟ್ ಜನ ಬರೋದು?”

“ಹಾವು ಇತ್ತು, ಇರಲಿ ಬಿಡು. ಆದ್ರೆ ಕ್ರಾಸ್? ಓದು ಬಾರದ ಗುಲಾಮರ ಕೈಲಿ ಕಾಗದಕ್ಕೆ ಹಾಕಿಸ್ತಿದ್ದ ಗುರುತು ಕಣೇ ಅದು. ತಂಗೀನ ಗುಲಾಮಗಿರಿಯಿಂದ ಬಿಡಿಸಿಕೊಂಡ ಕಾಗದಕ್ಕೆ ಅದನ್ನ ಹಾಕಲ್ಲ ಅಂತ ಮುತ್ತಜ್ಜಿ ಐವತ್ತನೇ ವಯಸ್ಸಲ್ಲಿ ಅಕ್ಷರ ಕಲಿತು ಹೆಸರು ಬರೆದಳು. ಈಗ ಆ ಹೆಸರಿನ ಮೇಲೇ ಗೀಚ್ತಾರೆ!”

ಹುಡುಗಿಯೊಬ್ಬಳು ಒಲಿಯಲೆಂದು ಹಿಂದೊಮ್ಮೆ ಅಲ್ಲೇ ಮೂರು ಕ್ರಾಸ್ ಗೀಚಿದ್ದ ಅಲ್ಸೀಡ್ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ.

“ನಾಳೆ ಮತ್ತೆ ಗೀಚ್ತಾರೆ, ಅತ್ತೆ.”

“ನಾಳಿದ್ದು ಮತ್ತೆ ಬಳೀತೀನಿ. ಎರಡು ಬ್ರಷ್ ತಂದಿದೀನಿ.”

“ಇನ್ನೊಂದು ಯಾರಿಗೆ?”

“ಬಾಯಿ ಮಾಡ್ತಿರೋಳಿಗೆ.”

ಸ್ಮಶಾನದ ಸ್ಟಾಪು ಬಂತು. ವರ್ನೆಲ್ ಬಕೆಟ್ಟು ಎತ್ತಿಕೊಂಡು ಮೊದಲು ಇಳಿದಳು.