ಅಪ್ಪನ ಸೀಟಿನಲ್ಲಿ ಯಾರು?

ವರ್ಷವರ್ಷವೂ ಹಣ ಕಟ್ಟಿ ಉಳಿಸಿಕೊಂಡ ತನ್ನ ಸೀಟಿನಲ್ಲಿ ಎದುರಾಳಿ ಟೊರೊಂಟೊ ತಂಡದವರನ್ನು ಕೂರಿಸಬಾರದೆಂದು ಅಪ್ಪ ಸಾಯುವಾಗ ಅಕ್ಕ ತಮ್ಮ ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದನಂತೆ. ಒಟ್ಟಾವಾದ ಐಸ್ ಹಾಕಿ ಅಂಗಣದ ಬಾಗಿಲ ಸಾಲಿನಲ್ಲಿ, ನಿದ್ದೆಗೆ ಜಾರುತ್ತಿದ್ದ ಮಗಳನ್ನು ಎತ್ತಿಕೊಂಡು ನಿಂತಿದ್ದ ನನಗೆ ಇದು ಮುಂದೆ ನಿಂತಿದ್ದ, ಗುರುತಿಲ್ಲದ ಆ ಅಕ್ಕ ತಮ್ಮನ ಜಗಳದಿಂದಲೇ ತಿಳಿಯಿತು.

"ನಾರ್ಮನ್, ನಮ್ಮ ತಂಡದ ಕೆಂಪು ಅಂಗಿ ಯಾಕೋ ಹಾಕಿಲ್ಲ?"

"ನಾನು ಒಳಗೆ ಬರ್ತಿಲ್ಲ ಅಕ್ಕ. ನಿನ್ನ ಬಿಟ್ಟು ಹೋಗೋಣ ಅಂತ ಬಂದೆ."

"ಮತ್ತೆ ಅಪ್ಪನ ಸೀಟು?"

"ಇವತ್ತಿನ ಆಟದ ಟಿಕೆಟ್ಟು ಆನ್‌ಲೈನಲ್ಲಿ ಮಾರ್ಬಿಟ್ಟೆ."

"ಯಾರಿಗೋ?"

"ಹೆಸರು ತೋರ್ಸಲ್ಲ. ಒತ್ತಿದೆ, ಹೋಯ್ತು."

"ಟೊರೊಂಟೊ ಬಂದಿರೋ ದಿನಾನೇ ಮಾರ್ಬೇಕಿತ್ತಾ?"

"ಬೇರೆ ದಿನ ಆ ಬೆಲೆ ಯಾರು ಕೊಡ್ತಾರೆ? ಮುಂದಿನ ವರ್ಷದ ಕಂತು ಕಟ್ಟದಿದ್ರೆ ಸೀಟೇ ಹೋಗುತ್ತೆ. ಆಗ ಆ ಮಾತಿನ ಮೇಲೆ ಕೂರ್ತೀಯಾ?"

"ನನ್ನನ್ನೊಂದು ಮಾತು ಕೇಳಬಹುದಿತ್ತಲ್ಲೋ."

"ಕೇಳಿದ್ರೆ ಬೇಡ ಅಂತಿದ್ದೆ. ನಮ್ಮೂರೋರೇ ಕೊಂಡಿರ್ತಾರೆ ಬಿಡು."

ಅಷ್ಟರಲ್ಲಿ ಟೊರೊಂಟೊ ತಂಡದ ನೀಲಿ ಅಂಗಿ ತೊಟ್ಟವನೊಬ್ಬ ಫೋನು ಚಾಚಿದ. "ಅಮ್ಮಾ, ಈ ಸೀಟಿಗೆ ಇದೇ ಬಾಗಿಲಾ?"

ಅಕ್ಕ ಸೀಟಿನ ನಂಬರನ್ನು ಎರಡು ಸಲ ಓದಿದಳು. ತಮ್ಮ ಬೇರೆ ಕಡೆ ನೋಡಿದ.

"ಇದೇ ಬಾಗಿಲು, ಬಾಪ್ಪ," ಎಂದಳು. "ನನ್ನ ಪಕ್ಕದ್ದೇ."

ಅಕ್ಕ ಆ ನೀಲಿ ಅಂಗಿಯವನ ಜೊತೆ ಒಳಗೆ ಹೋದಳು. ಅಪ್ಪನಿಗೆ ಕೊಟ್ಟ ಮಾತು ಮುರಿಯಿತು.