‘ಇತರೆ’ ಎಂಬ ತಲೆಬರಹದ ಕುರಿತು ಎರಡೇ ಮಾತು

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರಾದ ಕಲ್ಯಾಣಪ್ಪನವರೇ, ಅದರ ಆಚೀಚೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿರುವ ಗಣ್ಯರೇ, ವಧುಗಳೇ, ವರರೇ, ವರರಿಗಿಂತ ಹೆಚ್ಚು ಪೌಡರು ಹಚ್ಚಿಕೊಂಡು ಬಂದಿರುವ ವರರ ತಂದೆಗಳೇ, ಅಡಿಗೆಯ ವಾಸನೆ ಬಂದ ಕಡೆಗೆ ಮುಖ ಮಾಡಿರುವ ಸಭಿಕರೇ,

ಉದಗೀರದ ಈ ವಧು-ವರ ಪರಿಚಯ ಮೇಳಾವದಲ್ಲಿ ಪಾಲಕರಿಗೆ ತಲಾ ಎರಡು ನಿಮಿಷ ಎಂದು ಸಮಿತಿಯ ನಿಯಮ. ನಾನು ತುರೋರಿಯ ಬಸವಣ್ಣೆಪ್ಪ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು. ಎರಡು ನಿಮಿಷ ಎಂದರೆ ಎಷ್ಟು ಎಂಬ ಪಾಠ ಎಂಟನೆಯದರಲ್ಲಿ ಇತ್ತಂತೆ. ನನಗಿಂತ ಮೊದಲು ಮಾತಾಡಿದವರು ಮರಾಠಿಯಲ್ಲಿ ಮಾತಾಡಿದರು. ನಾನು ಕನ್ನಡದಲ್ಲಿ ಆಡುತ್ತೇನೆ. ನನಗೆ ವ್ಯಾಪಾರಕ್ಕೆ ಮರಾಠಿ, ಜಗಳಕ್ಕೆ ಕನ್ನಡ.

ನಾನು ಪರಿಚಯಿಸಬೇಕಾದದ್ದು ನನ್ನ ತಂಗಿ ವಿಮಲಾಬಾಯಿಯ ಮಗಳು, ನಿಲಂಗಾದ ಭುವನೇಶ್ವರಿಯನ್ನು. ವೇದಿಕೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ, ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತಿದ್ದಾಳಲ್ಲ, ಅವಳೇ. ನಾನು ಮಾತಾಡುವಾಗ ಟಕ್ ಟಕ್ ಎಂದು ಕೇಳುತ್ತಿದೆಯಲ್ಲ, ಅದು ಅವಳ ಬೆರಳು. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹೇಳಿಬಿಟ್ಟೆ. ಈಗ ‘ಅಯ್ಯೋ ಪಾಪ’ ಎನ್ನುವವರು ಅದನ್ನು ಅಂದು ಮುಗಿಸಲಿ, ನಾನು ನೀರು ಕುಡಿಯುತ್ತೇನೆ.

ಮುಗಿಯಿತೇ? ಮುಂದಕ್ಕೆ ಹೋಗೋಣ.

ಅವಳ ಲ್ಯಾಪ್‌ಟಾಪಿನ ಪರದೆ ಕಪ್ಪಾಗಿದೆ. ಯಂತ್ರ ಕೆಟ್ಟಿಲ್ಲ. ಮುಂಜಾನೆಯಿಂದ ಸಮಿತಿಯ ಹುಡುಗರು ಬಂದು ಬಂದು ವೈರು ಅಲ್ಲಾಡಿಸಿ ಹೋಗುತ್ತಿದ್ದಾರೆ, ಪಾಪ. ನೋಡದವಳಿಗೆ ಬೆಳಕು ಯಾಕೆ ಬೇಕು? ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬುದು ಒಳಗೆ ಕುಳಿತಿದೆ. ಅದು ಕಿವಿಯಲ್ಲಿ ಹೇಳುತ್ತದೆ, ಇವಳು ಕೀಲಿ ಒತ್ತುತ್ತಾಳೆ. ಮೌಸ್ ಮುಟ್ಟುವುದೇ ಇಲ್ಲ. ಇದನ್ನೆಲ್ಲ ಅವಳಿಗೆ ಕಲಿಸಿದವನು ನಾನು. ಅಂದರೆ, ಪ್ಲಗ್ ಹಾಕಿದವನು ನಾನು. ಉಳಿದ ಸಣ್ಣಪುಟ್ಟದ್ದನ್ನು ಅವಳೇ ಕಲಿತಳು.

ಆ ಕೀಲಿಗಳ ವಿಷಯ ನೀವೂ ತಿಳಿದುಕೊಳ್ಳಬೇಕು. ಇನ್ಸರ್ಟ್ ಎಂಬುದೊಂದಿದೆ. ಅದೊಂದನ್ನೇ ಒತ್ತಿದರೆ ಏನೂ ಆಗುವುದಿಲ್ಲ. ಇನ್ನೊಂದರ ಜೊತೆಗೇ ಒತ್ತಬೇಕು. ಆಗ ಕೆಲಸವೆಲ್ಲ ಆ ಇನ್ನೊಂದರದು, ಹೆಸರು ಇನ್ಸರ್ಟಿನದು. ನಾನು ಅಧ್ಯಕ್ಷರ ಕಡೆ ನೋಡುತ್ತಿಲ್ಲ, ನನ್ನ ಕುತ್ತಿಗೆ ಹಿಡಿದುಕೊಂಡಿದೆ.

ಗಂಟೆ ಬಾರಿಸಿದಿರಿ. ಕೇಳಿಸಿತು. ಕಂಟ್ರೋಲ್ ಎಂಬ ಕೀಲಿಯೂ ಇದೆ ಅಧ್ಯಕ್ಷರೇ, ಮುಟ್ಟಿದ ಕೂಡಲೇ ಓದುವ ಯಂತ್ರ ಅರ್ಧ ಮಾತಿಗೇ ಬಾಯಿ ಮುಚ್ಚುತ್ತದೆ. ನನಗೆ ಮಾತ್ರ ಅದನ್ನು ದೇವರು ಕೂಡಿಸಲಿಲ್ಲ. ನನ್ನ ಹೆಂಡತಿ ಶಿವಗಂಗಾಬಾಯಿ ಮದುವೆಯಾದಂದಿನಿಂದ ಹುಡುಕುತ್ತಿದ್ದಾಳೆ.

ಇನ್ನು ಜಿ. ಜಿ ಒತ್ತಿದರೆ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಜಿಗಿತ. ಚಿತ್ರದ ಜೊತೆ ನಾಲ್ಕು ಅಕ್ಷರ ಬರೆದಿರದಿದ್ದರೆ ಯಂತ್ರವಾದರೂ ಏನು ಹೇಳೀತು? ‘ಗ್ರಾಫಿಕ್’ ಎಂದು ಸುಮ್ಮನಾಗುತ್ತದೆ. ಅಚ್ಚು ಹಾಕದೆ ಇಂದು ಮೊಬೈಲಿಗೇ ಕಳಿಸಲಿರುವ ಈ ವರ್ಷದ ಪರಿಚಯ ಪುಸ್ತಕವನ್ನು ಟೈಪು ಮಾಡಿದವಳು ಭುವನೇಶ್ವರಿ. ವಧುಗಳು ತಮ್ಮ ಓದು, ಕೆಲಸ, ಮನಸ್ಸಿನಲ್ಲಿರುವುದು ಎಲ್ಲವನ್ನೂ ಬರೆದು ಕಳಿಸಿದ್ದರು. ವರರಾದ ನೀವು ಏನು ಕಳಿಸಿದಿರಿ? ಕಪ್ಪು ಕನ್ನಡಕ ಹಾಕಿ ಮೋಟರ್‌ಸೈಕಲ್ಲಿಗೆ ಆತು ನಿಂತ ಒಂದು ಫೋಟೋ. ಎಷ್ಟೋ ಜನರದು ಮೋಟರ್‌ಸೈಕಲ್ಲೂ ಒಂದೇ, ನಂಬರು ನೋಡಿದವನು ನಾನು. ಅವಳು ಜಿ ಒತ್ತುತ್ತ ಹೋದಳು. ಗ್ರಾಫಿಕ್. ಗ್ರಾಫಿಕ್. ಗ್ರಾಫಿಕ್. ಮುರುಮದಿಂದ ಲೋಹಾರಾದವರೆಗೆ ನಮ್ಮ ಸಮಾಜದ ಮೀಸೆಯೆಲ್ಲ ಒಂದೇ ಶಬ್ದದಲ್ಲಿ ಮುಗಿಯಿತು. ಕಡೆಗೆ ಅವಳೇ ನಿಮ್ಮ ಮನೆಗಳಿಗೆ ಫೋನು ಮಾಡಿ, ನಿಮ್ಮ ತಾಯಂದಿರನ್ನು ಕೇಳಿ, ನೀವು ಯಾರು ಎಂದು ನಿಮ್ಮ ಪರವಾಗಿ ಬರೆದಳು.

ಹೊರಗೆ ಚಹಾದ ಹತ್ತಿರ ಅಧ್ಯಕ್ಷರು ನನ್ನನ್ನು ಕೇಳಿದರು: ‘ಬಸವಣ್ಣೆಪ್ಪಾ, ಪೋರಿಗಿ ಇಷ್ಟು ಹೊಗಳ್ತಿ. ನಿನ್ನ ಮಗ ಶುಭಂಗೇ ತಗೊಂಡ್ರ ಆಗಂಗಿಲ್ಲೇನು? ಸ್ವಾದರಮಾವ ಇದ್ದಿ.’ ಒಳ್ಳೆಯ ಪ್ರಶ್ನೆ. ನನ್ನ ಬಾಯಿ ಕಟ್ಟಿಸುವ ಪ್ರಶ್ನೆ. ಅದಕ್ಕೆ ಉತ್ತರವನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೆಂದಿದ್ದೆ. ಕೇಳಿದರಲ್ಲ, ಹೇಳುತ್ತೇನೆ.

ಶುಭಂ ಮೂರನೆಯ ಸಾಲಿನಲ್ಲಿದ್ದಾನೆ, ಬಿಳಿ ಅಂಗಿ. ಎದ್ದು ನಿಲ್ಲಪ್ಪಾ. ಬೇಡ, ಕೂತಿರು. ಚೆಲುವ ಎಂಬುದರಲ್ಲಿ ಎರಡು ಮಾತಿಲ್ಲ, ನನ್ನನ್ನೇ ಹೋಲುತ್ತಾನೆ. ಹೋಳಿಹಬ್ಬದ ಮರುದಿನ ಅವನನ್ನು ಕರೆದುಕೊಂಡು ನಿಲಂಗಾಕ್ಕೆ ಹೋಗಿದ್ದೆ. ಇವಳು ಎದುರು ಕುಳಿತು ಕೇಳಿದಳು: ‘ಏನ್ ಕೆಲ್ಸಾ ಮಾಡ್ಲಾಕತ್ತಿ, ಶುಭಂ?’ ಅವನು ನಕ್ಕ. ‘ಹೊಲಕ್ಕ ಹೋಗ್ತಿಯೋ, ಅಂಗಡಿಗಿ ಕುಂದ್ರತಿಯೋ?’ ಕೂದಲು ಹಿಂದಕ್ಕೆ ತಳ್ಳಿಕೊಂಡ. ಆ ನಗೆಗೆ, ಆ ಕೂದಲಿಗೆ ನಮ್ಮ ತುರೋರಿಯಲ್ಲಿ ಬಸ್ಸು ನಿಲ್ಲುತ್ತದೆ. ಇವಳಿಗೆ ಅದೊಂದೂ ಕೇಳಿಸಲಿಲ್ಲ. ಒಳಗೆ ಹೋಗುವಾಗ ನನ್ನ ಹೆಗಲು ಹಿಡಿದು ಮೆಲ್ಲಗೆ ಹೇಳಿದಳು: ‘ಮಾಮಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಶುಭಂ ಗ್ರಾಫಿಕ್ ಇದ್ದಾನ.’

ನಗಿರಿ, ನಗಿರಿ. ನಿಮ್ಮ ಮಕ್ಕಳ ಸರದಿ ಊಟವಾದ ಮೇಲೆ ಬರುತ್ತದೆ.

ಮತ್ತೆ ಗಂಟೆ. ಚೀಟಿಯೂ ಬಂತು. ಇದನ್ನು ಕಿಸೆಯಲ್ಲಿ ಇಟ್ಟುಕೊಳ್ಳುತ್ತೇನೆ, ಕನ್ನಡಕ ಮನೆಯಲ್ಲಿದೆ. ಈಗ ಮುಖ್ಯ ಕೀಲಿ. ಎಚ್. ಅದು ಒಂದು ತಲೆಬರಹದಿಂದ ಮುಂದಿನ ತಲೆಬರಹಕ್ಕೆ ಹಾರಿಸುತ್ತದೆ. ಪುಸ್ತಕ ಟೈಪು ಮಾಡುವಾಗ ಭುವನೇಶ್ವರಿ ತನ್ನ ಹೆಸರನ್ನು ಎಲ್ಲಿ ಬರೆದಳು? ವಧುಗಳ ಜೊತೆ. ಎಂ.ಎ. ಓದಿದವಳು, ಮದುವೆಯಾಗದವಳು, ಹೆಣ್ಣುಮಗಳು. ಮತ್ತೆಲ್ಲಿ ಬರೆಯಬೇಕು? ಪುಸ್ತಕ ಸಮಿತಿಯವರ ಪರಿಶೀಲನೆಗೆ ಹೋಯಿತು, ತಿರುಗಿ ಬಂತು. ನಿನ್ನೆ ಸಂಜೆ ನನಗೆ ಫೋನು ಮಾಡಿದಳು. ‘ಮಾಮಾ, ಎಚ್ ಒತ್ತಿದ್ನಿ, ವರ ಅಂತು. ಮತ್ತ ಒತ್ತಿದ್ನಿ, ವಧು ಅಂತು. ಪೂರಾ ಕೇಳಿದ್ನಿ, ನನ್ ಹೆಸರು ಬರ್ಲಿಲ್ಲ. ಮತ್ತೊಂದ್ ಸಲ ಒತ್ತಿದ್ನಿ. ಇತರೆ ಅಂತು. ಅಲ್ಲಿ ಕುಂತಿದ್ನಿ ನಾ.’

ಇತರೆ. ಮರಾಠಿ ಪುಟದಲ್ಲಿ ‘ಇತರ’, ಕನ್ನಡ ಪುಟದಲ್ಲಿ ‘ಇತರೆ’. ಅವಮಾನದಲ್ಲಿ ಒಂದು ಎತ್ವದಷ್ಟೂ ವ್ಯತ್ಯಾಸವಿಲ್ಲ. ಅಲ್ಲಿ ಯಾರು ಯಾರಿದ್ದಾರೆ? ಗಂಡ ತೀರಿಹೋದ ಲೋಹಾರಾದ ಮೀನಲ ಇದ್ದಾಳೆ. ಗಂಡನನ್ನು ಬಿಟ್ಟು ಬಂದು ನೆಮ್ಮದಿಯಾಗಿರುವ ಮುರುಮದ ಉಜ್ವಲಾ ಇದ್ದಾಳೆ. ಒಂದು ಕಾಲು ಸ್ವಲ್ಪ ಗಿಡ್ಡವಾದ ರಾಚಯ್ಯ ಇದ್ದಾನೆ. ಕುಡಿದು ಗಟಾರಕ್ಕೆ ಬೀಳುವವರು ಯಾವ ತಲೆಬರಹದ ಕೆಳಗಿದ್ದಾರೆ? ವರ. ಅವರ ಎರಡೂ ಕಾಲು ಸರಿಯಿವೆ.

ಮುಂಜಾನೆ ಬಂದವನೇ ಅಧ್ಯಕ್ಷರ ಹತ್ತಿರ ಹೋದೆ. ‘ಇತರೆ ಅಂದ್ರ ಬೈಗುಳ ಅಲ್ಲೋ ಬಸವಣ್ಣೆಪ್ಪಾ, ಓದಾವ್ರಿಗಿ ಅನುಕೂಲ ಆಗ್ಲಿ ಅಂತ ಮಾಡೀವಿ’ ಎಂದರು. ‘ಓದ್ಲಾರ್ದೇ ಪುಸ್ತಕ ಮುಚ್ಚಾವ್ರಿಗಿ ಅನುಕೂಲ ಆಯ್ತಲ್ರೀ’ ಎಂದೆ. ಭುವನೇಶ್ವರಿ ಪಕ್ಕದಲ್ಲೇ ನಿಂತಿದ್ದಳು. ‘ನನಗ ಯಾರರೆ ಒಲ್ಲೆ ಅಂದ್ರ ಅನ್ಲಿ ಕಾಕಾ, ಅದಕ್ಕ ನಾ ಅಂಜಂಗಿಲ್ಲ. ನಾನೂ ಒಲ್ಲೆ ಅಂದೀನಿ. ಆದ್ರ ಓದಿ ಒಲ್ಲೆ ಅನ್ಲಿ’ ಎಂದಳು. ಆಗ ಅಧ್ಯಕ್ಷರು ಏನೆಂದರು? ಬೇಡ ಎಂದರೇ? ಅಷ್ಟು ಕೆಟ್ಟವರಲ್ಲ ಅವರು. ‘ಬದಲಿ ಮಾಡಬಹುದಿತ್ತವ್ವಾ, ಆದ್ರ ಈಗ ವ್ಯಾಳ್ಯಾ ಎಲ್ಲೈತಿ? ಕಾರ್ಯಕ್ರಮ ಸುರು ಆಯ್ತು’ ಎಂದರು.

ವೇಳೆ ಇಲ್ಲ. ಅಷ್ಟೇ ಅಡಚಣೆ.

ಅಲ್ಲಿಂದ ಬರುವಾಗ ಅವಳು ಕೇಳಿದಳು: ‘ಮಾಮಾ, ನೀವು ಎಷ್ಟೊತ್ತು ಮಾತಾಡ್ತೀರಿ?’ ‘ಎರಡು ನಿಮಿಷ ಕೊಟ್ಟಾರವ್ವಾ.’ ‘ಎರಡು ನಿಮಿಷದಾಗ ನಿಮ್ ನಮಸ್ಕಾರ ಸುದ್ದಾ ಮುಗಿಯಂಗಿಲ್ಲ. ಅದೇ ಬೇಕಾಗ್ಯದ.’

ಆದ್ದರಿಂದ ಸಭಿಕರೇ, ಇಷ್ಟು ಹೊತ್ತು ನೀವು ಕೇಳಿದ್ದು ಭಾಷಣವಲ್ಲ. ಅಧ್ಯಕ್ಷರ ಹತ್ತಿರ ಇಲ್ಲದ ವೇಳೆಯನ್ನು ನಾನು ಭುವನೇಶ್ವರಿಗೆ ಮಾಡಿಕೊಟ್ಟೆ. ಕಂಟ್ರೋಲ್ ಎಕ್ಸ್ ಎಂದರೆ ಇಲ್ಲಿಂದ ಕತ್ತರಿಸು, ಕಂಟ್ರೋಲ್ ವಿ ಎಂದರೆ ಅಲ್ಲಿ ಅಂಟಿಸು. ಅವಳು ವಧುಗಳ ಜೊತೆ, ಮೀನಲ ವಧುಗಳ ಜೊತೆ, ಉಜ್ವಲಾ ವಧುಗಳ ಜೊತೆ, ರಾಚಯ್ಯ ವರರ ಜೊತೆ, ಉಳಿದವರೆಲ್ಲ ಅವರವರ ಅಕ್ಷರದ ಜಾಗಕ್ಕೆ. ಪರದೆ ಕಪ್ಪಾಗಿತ್ತಲ್ಲ, ವೈರು ಅಲ್ಲಾಡಿಸಿದವರಿಗೂ ಏನೂ ಕಾಣಲಿಲ್ಲ. ಹಣೆಬರಹ ಅಳಿಸಲು ಬರುವುದಿಲ್ಲ ಎಂದು ನನ್ನ ತಂಗಿಗೆ ಊರೆಲ್ಲ ಹೇಳಿ ಹೋಗಿತ್ತು. ಇರಬಹುದು. ತಲೆಬರಹಕ್ಕೆ ಮಾತ್ರ ಡಿಲೀಟ್ ಸಾಕು.

ಇನ್ನು ಅಧ್ಯಕ್ಷರು ಬಂದು ಎಂಟರ್ ಒತ್ತಿದರೆ ಪುಸ್ತಕ ಬಿಡುಗಡೆಯಾಗಿ ನಿಮ್ಮೆಲ್ಲರ ಮೊಬೈಲಿಗೆ ಬರುತ್ತದೆ. ಎಂಟರ್ ದೊಡ್ಡ ಕೀಲಿ, ಕಣ್ಣಿದ್ದವರಿಗೂ ಸಿಗುತ್ತದೆ. ಬೇಡವೆನಿಸಿದರೆ ಕಂಟ್ರೋಲ್ ಝಡ್ ಇದೆ, ಒತ್ತುತ್ತ ಹೋದರೆ ಎಲ್ಲ ಹಿಂದಿನಂತೆಯೇ ಆಗುತ್ತದೆ. ಆದರೆ ಅದನ್ನು ಇಷ್ಟು ಜನರೆದುರು, ಮೀನಲಳ ತಾಯಿ ಮೊದಲ ಸಾಲಿನಲ್ಲಿ ಕುಳಿತಿರುವಾಗ, ಅಧ್ಯಕ್ಷರೇ ತಮ್ಮ ಕೈಯಿಂದ ಒತ್ತಬೇಕು.

ನನ್ನನ್ನು ಸಹಿಸಿದ ಗಂಟೆಗೂ, ಕೂತಲ್ಲೇ ಕೆಂಪಗಾಗಿರುವ ನನ್ನ ಮಗನಿಗೂ, ಹಸಿದುಕೊಂಡೇ ಕೇಳಿದ ನಿಮಗೂ ನನ್ನ ವಂದನೆ.

ಕೇಳಿ. ಟಕ್ ಟಕ್ ನಿಂತಿದೆ. ನನ್ನ ಎರಡು ಮಾತೂ ಮುಗಿದವು. ನಮಸ್ಕಾರ.